ಕಣ್ಣೀರು ತರಿಸುವ ಚಿತ್ರಗಳೂ ನಮ್ಮ ಬಾಲಿಕೆಯರೂ

ಜಪಾನ್ ದೇಶದ ಚಿತ್ರಿತ ಚಲಚ್ಚಿತ್ರಗಳನ್ನು ನೋಡಿ ನಮ್ಮ ವಿದ್ಯಾರ್ಥಿನಿಯರು ಅಳುತ್ತಾರೆಂಬ ದೂರು ಈ ವರುಷದ ಪೋಷಕರ ಸಭೆಗಳಲ್ಲಿ ಎರಡು ಸಾರಿ ನಮ್ಮ ಮುಂದೆ ಬಂದಿತು. ಗಣಿತದ ಪುಸ್ತಕದ ಅಂಚಿನಲ್ಲಿ ದೊಡ್ಡ ಕಣ್ಣುಗಳ ಮುಖಗಳನ್ನು ಬರೆಯುತ್ತಾರೆ, ಮನೆಯವರು ಮಲಗಿದ ಮೇಲೆ ಹೊದಿಕೆಯೊಳಗೆ ಮೊಬೈಲನ್ನು ಹಿಡಿದು ಬಿಕ್ಕುತ್ತಾರೆ, ಕಾರಣವನ್ನು ಕೇಳಿದರೆ ಎಲ್ಲಿಯೂ ಇಲ್ಲದ ಯಾವಳೋ ಹುಡುಗಿ ಸತ್ತಳೆಂದು ಹೇಳುತ್ತಾರೆ, ಆದಕಾರಣ ಶಾಲೆಯವರು ಇದನ್ನು ನಿಲ್ಲಿಸತಕ್ಕದ್ದು ಎಂದು ಕೆಲವರು ತಂದೆತಾಯಿಗಳ ಬಿನ್ನಹ. ನಿದ್ರೆಯ ವಿಷಯದಲ್ಲಿ ನಾವು ಪೂರ್ಣವಾಗಿ ಪೋಷಕರ ಪಕ್ಷದವರು. ಹತ್ತು ಗಂಟೆಯಾದ ಮೇಲೆ ಮೊಬೈಲು ತಾಯಿಯ ತಲೆದಿಂಬಿನ ಕೆಳಗೆ ಇರತಕ್ಕದ್ದು. ಆದರೆ ಅಳುವಿನ ವಿಷಯ ಬೇರೆ. ಅದನ್ನು ನಿಷೇಧದಿಂದ ತೀರಿಸಬಹುದೆಂದು ನಮಗೆ ತೋರುವದಿಲ್ಲ.

ಹಿರಿಯರಾದ ವಾಚಕರಿಗೋಸ್ಕರ ಒಂದೆರಡು ಮಾತು. ಆನಿಮೆ ಎಂಬದು ಜಪಾನಿನವರು ಚಿತ್ರಗಳನ್ನು ಬರೆದು ಚಲಿಸುವಂತೆ ಮಾಡಿದ ಕಥೆ. ಮಾಂಗಾ ಎಂಬದು ಅವರ ಚಿತ್ರಕಥೆಯ ಪುಸ್ತಕ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಅಮರ ಚಿತ್ರಕಥೆಯನ್ನು ಬಾಲ್ಯದಲ್ಲಿ ಓದಿದವರು ಅದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ವ್ಯತ್ಯಾಸವೇನೆಂದರೆ ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು, ಮತ್ತು ಆ ದೇಶದಲ್ಲಿ ಮಕ್ಕಳೊಡನೆ ಮುದುಕರೂ ಅದನ್ನು ಓದುತ್ತಾರೆ. ರಾಜಗೋಪಾಲನಗರದ ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಬಹುಮಂದಿ ಪೀಣ್ಯದ ಯಂತ್ರಶಾಲೆಗಳಲ್ಲಿಯೂ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿಯೂ ದುಡಿಯುವವರು. ಶಾಲೆ ಬಿಟ್ಟ ಮೇಲೆ ತಾಯಿ ಮನೆಗೆ ಬರುವ ತನಕ ಬಾಲಿಕೆಯೊಡನೆ ಮಾತಾಡುವದು ಆ ಮೊಬೈಲೊಂದೇ. ಅದು ಮಾತಾಡುವದು ಕನ್ನಡವೂ ಅಲ್ಲ. ೨೦೨೫ನೆಯ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಎಂಬ ಚಿತ್ರವು ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ಜಪಾನೀ ಮಾತಿನ ಜೊತೆಗೆ ಹಿಂದಿ, ತಮಿಳು, ತೆಲುಗು ಮಾತುಗಳಲ್ಲಿಯೂ ದೊರೆಯಿತು, ಕನ್ನಡದಲ್ಲಿ ಇರಲಿಲ್ಲ. ನಮ್ಮ ಪುಣ್ಯಕೋಟಿಯ ಕಥೆಯನ್ನೇ ಬೆಂಗಳೂರಿನವರು ೨೦೨೦ರಲ್ಲಿ ಪೂರ್ಣಪ್ರಮಾಣದ ಚಿತ್ರಿತ ಚಲಚ್ಚಿತ್ರವನ್ನಾಗಿ ಮಾಡಿದಾಗ ಆ ಗೋವು ಸಂಸ್ಕೃತದಲ್ಲಿ ಮಾತಾಡಿತು! ಹೀಗಿರಲಾಗಿ ತಾಯಿಯು ಮಗಳ ಪಕ್ಕದಲ್ಲಿ ಕುಳಿತರೂ ಮಗಳು ಯಾತಕ್ಕೆ ಅಳುತ್ತಾಳೆಂಬದು ಆಕೆಗೆ ತಿಳಿಯುವ ದಾರಿಯಿಲ್ಲ. ದೂರಿನ ಅರ್ಧಭಾಗ ಇಲ್ಲಿಯೇ ಹುಟ್ಟುತ್ತದೆಂದು ನಮ್ಮ ಎಣಿಕೆ.

ಬಾಲಿಕೆಯರ ಪಕ್ಷವನ್ನೂ ಕೇಳಬೇಕಷ್ಟೆ. ನಮ್ಮ ಚರ್ಚಾಸಂಘದಲ್ಲಿ ಹತ್ತನೆಯ ತರಗತಿಯ ಒಬ್ಬಳು ಎದ್ದು ನಿಂತು, ಯಾವ ಕಥೆಯು ನೋಡುವವರನ್ನು ಹೆಚ್ಚು ಅಳಿಸುವದೋ ಅದೇ ಶ್ರೇಷ್ಠವೆಂದು ವಾದಿಸಿದಳು. ತಾನು ನೋಡಿದ ಚಿತ್ರಗಳನ್ನೂ ಪ್ರತಿಯೊಂದರಲ್ಲಿ ಎಷ್ಟು ಸಾರಿ ಅತ್ತೆನೆಂಬದನ್ನೂ ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ನಟರಿರುವ ಚಿತ್ರಗಳು ನಿನ್ನನ್ನು ಅಳಿಸುವದಿಲ್ಲವೋ ಎಂದು ಎದುರುಪಕ್ಷದವಳು ಕೇಳಲು, “ನಟಿಯು ಸತ್ತಂತೆ ಮಾಡಿ ಮನೆಗೆ ಹೋಗಿ ಊಟಮಾಡುತ್ತಾಳೆಂದು ನಮಗೆ ಗೊತ್ತು, ಬರೆದ ಹುಡುಗಿಗೆ ಕಥೆಯ ಹೊರಗೆ ಜೀವವೇ ಇಲ್ಲ, ಅವಳು ಸತ್ತರೆ ಸತ್ತಳೇ” ಎಂದು ಉತ್ತರ ಕೊಟ್ಟಳು. ಇಷ್ಟು ಚೆನ್ನಾದ ಮಾತನ್ನು ಈ ವಿಷಯದಲ್ಲಿ ನಾವು ಮತ್ತೆಲ್ಲಿಯೂ ಕೇಳಿಲ್ಲ.

ಆದರೂ ಕಣ್ಣೀರನ್ನು ಅಳತೆಗೋಲಾಗಿ ಮಾಡಿಕೊಳ್ಳುವದನ್ನು ನಾವು ಒಪ್ಪಲಾರೆವು. ಅಳುವದು ಅವಮಾನವಲ್ಲ, ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುವೆನೆಂದು ಬಲ್ಲ ಯೇಸುಸ್ವಾಮಿಯೇ ಅವನ ಸಮಾಧಿಗೆ ಹೋಗುವಾಗ ಅತ್ತನಲ್ಲವೇ. ಆದರೆ ಅಳಿಸುವ ವಿದ್ಯೆಯನ್ನು ಕಲಿಯಬಹುದು, ಕಲಿತು ಮಾರಲೂ ಬಹುದು. ಜಪಾನಿನಲ್ಲಿ ಆಡುವವರನ್ನು ಅಳಿಸುವದಕ್ಕಾಗಿಯೇ ಮಾಡಿದ ಗಣಕಯಂತ್ರದ ಆಟಗಳಿಗೆ ‘ನಕಿಗೇ’, ಅಂದರೆ ಅಳುವ ಆಟ, ಎಂಬ ಜಾತಿಯ ಹೆಸರೇ ಉಂಟು. ‘ಕೀ’ ಎಂಬ ಸಂಸ್ಥೆಯವರು ೨೦೦೪ರಲ್ಲಿ ಹೊರತಂದ ‘ಕ್ಲನಾಡ್’ ಎಂಬದು ಈ ಬಗೆಯಲ್ಲಿ ಪ್ರಸಿದ್ಧವಾದದ್ದು. ಮೊದಲು ನಗಿಸುತ್ತಾರೆ, ಬಳಿಕ ಶಾಲೆ, ಸ್ನೇಹ, ಒಟ್ಟಿಗೆ ಉಣ್ಣುವ ಊಟ ಇವುಗಳಿಂದ ಪ್ರೀತಿಯನ್ನು ಬೆಳೆಸುತ್ತಾರೆ, ಪ್ರೀತಿ ಬಲಿತ ಮೇಲೆ ವ್ಯಾಧಿಯನ್ನೋ ಮರಣವನ್ನೋ ತರುತ್ತಾರೆ. ನಮ್ಮ ಹರಿಕಥೆಯ ದಾಸರೂ ನಗೆಯ ಉಪಕಥೆಯನ್ನು ಹೇಳಿ ಸಭೆಯನ್ನು ಸಡಿಲಿಸಿದ ಮೇಲೆಯೇ ಚಂದ್ರಮತಿಯನ್ನು ಸ್ಮಶಾನಕ್ಕೆ ಕರೆತರುವರು. ಆದುದರಿಂದ ಕ್ರಮದಲ್ಲಿ ತಪ್ಪಿಲ್ಲ. ಆಟದಲ್ಲಿ ಒಂದು ಗುಣವೂ ಉಂಟು. ಏನು ಉತ್ತರ ಕೊಡಬೇಕು, ಯಾರ ಜೊತೆಗೆ ಹೋಗಬೇಕು ಎಂಬದನ್ನು ಆಡುವವಳೇ ಆರಿಸಬೇಕಾದ ಕಾರಣ, ನಾನು ಸುಮ್ಮನೆ ನೋಡುತ್ತಿದ್ದೆನೆಂದು ಅವಳು ಹೇಳುವ ಹಾಗಿಲ್ಲ. ಆದರೆ ಅದೇ ಆಟವು ಕಡೆಯಲ್ಲಿ ಅಗಲಿದವರನ್ನು ಹಿಂದಕ್ಕೆ ಕೊಡುತ್ತದೆ. ತಪ್ಪಾದರೆ ಹಿಂದೆ ಹೋಗಿ ಬೇರೆ ಉತ್ತರವನ್ನು ಆರಿಸಬಹುದು. ಪುನರುತ್ಥಾನವನ್ನು ನಂಬುವವರಾದ ನಾವು ಆ ಆಶೆಯನ್ನು ನಗೆಗೀಡು ಮಾಡುವದಿಲ್ಲ. ಗುಂಡಿಯನ್ನು ಒತ್ತಿ ಅದನ್ನು ಪಡೆಯುವ ಅಭ್ಯಾಸವನ್ನು ಮಾತ್ರ ನೆಚ್ಚಲಾರೆವು.

ತಾಯಂದಿರಿಗೂ ಇಲ್ಲಿ ಒಂದು ಪ್ರಶ್ನೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ೧೯೭೧ರಲ್ಲಿ ಮಾಡಿದ ‘ಶರಪಂಜರ’ವನ್ನು ನೋಡಿ ನಿಮ್ಮ ತಾಯಂದಿರು ಅತ್ತರು, ದೂರದರ್ಶನದಲ್ಲಿ ಬಂದಾಗ ನೀವೂ ಅತ್ತಿರಿ. ಮನೋವ್ಯಾಧಿಯಿಂದ ಗುಣಹೊಂದಿ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಂಡು ಮತ್ತೆ ಹುಚ್ಚಿಗೆ ತಳ್ಳಿದ ಕಥೆ ಅದು. ಆ ಚಿತ್ರಕ್ಕೆ ಸುರಿದ ಕಣ್ಣೀರು ಕೆರೆಯಷ್ಟಾದೀತು. ಆದರೆ ನಿಮ್ಹಾನ್ಸ್ ಆಸ್ಪತ್ರೆಯಿಂದ ಮನೆಗೆ ಬಂದ ನೆರೆಮನೆಯ ಸೊಸೆಯನ್ನು ಕಾಫಿಗೆ ಕರೆದವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ? ಹೀಗಿರುವಾಗ ಮಗಳು ಜಪಾನಿನ ಹುಡುಗಿಗಾಗಿ ಅತ್ತಳೆಂದು ಜರೆಯುವದು ನ್ಯಾಯವಲ್ಲ.

ಬಾಲಿಕೆಯರ ಪಟ್ಟಿಯಲ್ಲಿ ಮೊದಲನೆಯ ಸ್ಥಾನವು ತಕಹಾತ ಇಸಾವೊ ಎಂಬವರು ೧೯೮೮ರಲ್ಲಿ ಮಾಡಿದ ‘ಮಿಂಚುಹುಳಗಳ ಗೋರಿ’ಗೆ. ೧೯೪೫ರಲ್ಲಿ ಕೋಬೆ ಪಟ್ಟಣದ ಮೇಲೆ ಬೆಂಕಿಯ ಬಾಂಬುಗಳು ಬಿದ್ದು ತಾಯಿಯನ್ನು ಕಳಕೊಂಡ ಹದಿನಾಲ್ಕು ವರುಷದ ಸೇಯಿತನೂ ನಾಲ್ಕು ವರುಷದ ತಂಗಿ ಸೆತ್ಸುಕೋ ಎಂಬವಳೂ ಮೊದಲು ಬಂಧುವಿನ ಮನೆಯಲ್ಲಿಯೂ ಅನಂತರ ಕೆರೆಯ ದಂಡೆಯ ಗವಿಯಲ್ಲಿಯೂ ಇದ್ದು ಹಸಿವಿನಿಂದ ಸಾಯುವ ಕಥೆ. ೧೯೬೭ರಲ್ಲಿ ಮೂಲಕಥೆಯನ್ನು ಬರೆದ ನೊಸಾಕ ಅಕಿಯುಕಿಯ ಸಾಕುತಂಗಿಯು ಹಾಗೆಯೇ ತೀರಿಕೊಂಡಳು. ಕಥೆಯ ಅಣ್ಣನಷ್ಟು ಒಳ್ಳೆಯವನು ತಾನಾಗಿರಲಿಲ್ಲವೆಂದು ಅವನೇ ಹೇಳಿಕೊಂಡನು. ತಕಹಾತರಾದರೋ ಇದನ್ನು ಯುದ್ಧವಿರೋಧದ ಚಿತ್ರವೆಂದು ಕರೆಯುವದನ್ನು ಒಪ್ಪಲಿಲ್ಲ. ಬಾಲಿಕೆಯರು ಸೆತ್ಸುಕೋಳಿಗಾಗಿ ಅಳುತ್ತಾರೆ, ಅದು ಸರಿಯೇ. ಆದರೆ ವೈದ್ಯನು ಮಗುವಿಗೆ ಪುಷ್ಟಿಯಾದ ಆಹಾರ ಬೇಕೆಂದು ಹೇಳಿ ಮುಂದಿನವರನ್ನು ಕರೆಯುವ ದೃಶ್ಯವನ್ನು ಕುರಿತು ಕೇಳಿದರೆ ನೆನಪಿರುವವರು ಕೆಲವರೇ. ನಮಗೆ ಆ ಚಿತ್ರದಲ್ಲಿ ಅತ್ಯಂತ ಭಯಂಕರವಾಗಿ ತೋರಿದ್ದು ಅದು. ಯಾಕಂದರೆ ಆತನು ದುಷ್ಟನಲ್ಲ.

ನಾತಾನ ಪ್ರವಾದಿಯು ದಾವೀದರಸನಿಗೆ ಬಡವನ ಹೆಣ್ಣುಕುರಿಮರಿಯ ಕಥೆಯನ್ನು ಹೇಳಿದ್ದನ್ನು ಭಾನುವಾರದ ಶಾಲೆಯಲ್ಲಿ ನಮ್ಮ ಮಕ್ಕಳು ಕಲಿತಿದ್ದಾರೆ. ಕಥೆಯನ್ನು ಕೇಳಿ ಅರಸನ ಮನಸ್ಸು ಕುದಿಯಿತು, ಆ ಐಶ್ವರ್ಯವಂತನನ್ನು ಕೊಲ್ಲತಕ್ಕದ್ದೆಂದನು. ನಾತಾನನು ಅಲ್ಲಿಗೆ ನಿಲ್ಲಿಸಿದ್ದರೆ ದಾವೀದನು ತನ್ನ ಮೃದುಹೃದಯವನ್ನು ತಾನೇ ಮೆಚ್ಚಿಕೊಂಡು ಊಟಕ್ಕೆ ಏಳುತ್ತಿದ್ದನು. ಪ್ರವಾದಿಯು ಬೆರಳು ತೋರಿಸಿದ್ದರಿಂದಲೇ ಕಥೆಯು ಕಥೆಯಾಯಿತು. ಅಳಿಸುವ ಚಿತ್ರಗಳಲ್ಲಿ ನಾವು ಹುಡುಕುವದು ಈ ಬೆರಳನ್ನು.

ಆ ಬೆರಳು ಇರುವ ಒಂದು ಚಿತ್ರವನ್ನು ನಮ್ಮ ಬಾಲಿಕೆಯರೇ ನಮಗೆ ತೋರಿಸಿಕೊಟ್ಟರು. ಓಯಿಮ ಯೊಶಿತೊಕಿ ಎಂಬ ಯುವತಿಯು ೨೦೧೩ರಿಂದ ೨೦೧೪ರ ವರೆಗೆ ವಾರಪತ್ರಿಕೆಯಲ್ಲಿ ಬರೆದು ಏಳು ಸಂಪುಟಗಳಾದ ಮಾಂಗಾವನ್ನು ಯಮದ ನಾವೊಕೊ ಎಂಬ ಮಹಿಳೆಯು ೨೦೧೬ರಲ್ಲಿ ಚಲಚ್ಚಿತ್ರವನ್ನಾಗಿ ಮಾಡಿದರು. ‘ಎ ಸೈಲೆಂಟ್ ವಾಯ್ಸ್’ ಎಂದು ಅದಕ್ಕೆ ಹೆಸರು. ಕಿವಿ ಕೇಳದ ಶೋಕೋ ಎಂಬ ಹುಡುಗಿಯು ಪ್ರಾಥಮಿಕ ಶಾಲೆಗೆ ಹೊಸದಾಗಿ ಬರುತ್ತಾಳೆ. ಇಶಿದ ಎಂಬ ಹುಡುಗನು ಅವಳ ಕಿವಿಯ ಯಂತ್ರಗಳನ್ನು ಕಿತ್ತು ಬಿಸಾಡುತ್ತಾನೆ, ಮಿಕ್ಕವರು ನಗುತ್ತಾರೆ. ಕಥೆಯು ಅವಳ ಕಡೆಯಿಂದಲ್ಲ, ಕಾಡಿದವನ ಕಡೆಯಿಂದ ನಡೆಯುತ್ತದೆ. ವಿಚಾರಣೆ ಬಂದಾಗ ಮಿಕ್ಕವರೆಲ್ಲರೂ ಅವನೊಬ್ಬನ ಮೇಲೆ ಅಪರಾಧವನ್ನು ಹೊರಿಸಿ ತಾವು ಕೈ ತೊಳೆದುಕೊಳ್ಳುತ್ತಾರೆ. ಎಲ್ಲವನ್ನೂ ನೋಡುತ್ತಲಿದ್ದ ಉಪಾಧ್ಯಾಯನೂ ಹಾಗೆಯೇ ಮಾಡುತ್ತಾನೆ. ನಮ್ಮ ಉಪಾಧ್ಯಾಯಿನಿಯರು ಈ ಚಿತ್ರವನ್ನು ಒಟ್ಟಿಗೆ ನೋಡಿದಾಗ ಆ ಭಾಗವು ಕಳೆದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಈ ಚಿತ್ರವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಶಾಲೆಯ ಸಭಾಂಗಣದಲ್ಲಿ ತೋರಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಆಡಳಿತ ಮಂಡಳಿಯಲ್ಲಿ ಇದಕ್ಕೆ ವಿರೋಧವುಂಟು, ವಿರೋಧವು ಹಗುರವಾದದ್ದಲ್ಲ. ಚಿತ್ರವು ಆರಂಭವಾಗುವದೇ ಆ ಹುಡುಗನು ತನ್ನ ಜೀವವನ್ನು ತೆಗೆದುಕೊಳ್ಳಲು ಹೊರಟಲ್ಲಿ. ನಡುವೆ ಶೋಕೋ ಕೂಡ ಅದಕ್ಕೆ ಯತ್ನಿಸುತ್ತಾಳೆ. ಎಳೆಯ ಮನಸ್ಸುಗಳ ಮುಂದೆ ಇದನ್ನು ಇಡಬಹುದೇ ಎಂದು ಕೇಳುತ್ತಾರೆ. ನಮ್ಮ ಉತ್ತರವೇನೆಂದರೆ, ಎಳೆಯ ಮನಸ್ಸುಗಳು ಇದನ್ನು ಈಗಾಗಲೇ ನೋಡಿವೆ. ಒಬ್ಬೊಬ್ಬರೇ, ರಾತ್ರಿಯಲ್ಲಿ, ಬೇರೆ ಭಾಷೆಯಲ್ಲಿ, ಮಾತಾಡುವದಕ್ಕೆ ಯಾರೂ ಇಲ್ಲದೆ ನೋಡಿವೆ. ಹಗಲಿನಲ್ಲಿ, ದೀಪಗಳನ್ನು ಪೂರ್ತಿಯಾಗಿ ಆರಿಸದೆ, ತಾಯಂದಿರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತ ನೋಡುವದು ಅದಕ್ಕಿಂತ ಅಪಾಯವೆಂದು ನಾವು ನಂಬುವದಿಲ್ಲ. ಹೊರಗೆ ಬರುವ ಬಾಗಿಲಿನ ಬಳಿ ೧೪೪೧೬ ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಲಾಗುವದು. ಮಗಳನ್ನು ಕಳುಹಿಸಲು ಇಷ್ಟವಿಲ್ಲದ ಪೋಷಕರು ತಿಳಿಸಿದರೆ ಆ ಹೊತ್ತಿಗೆ ಅವಳಿಗೆ ವಾಚನಾಲಯವು ತೆರೆದಿರುವದು. ಕಾರಣವನ್ನು ನಾವು ಕೇಳುವದಿಲ್ಲ.

ಇನ್ನೊಂದು ಸಂಗತಿಯನ್ನು ಮಂಡಳಿಯವರ ಗಮನಕ್ಕೆ ತರಬೇಕಾಗಿದೆ. ಈ ಚಿತ್ರಕ್ಕಾಗಿ ಹೆಚ್ಚು ಅತ್ತ ಗುಂಪಿನ ನಾಲ್ವರು ಬಾಲಿಕೆಯರು ಸಂಜ್ಞಾಭಾಷೆಯನ್ನು ಕಲಿಯುವೆವೆಂದು ನಮ್ಮ ಬಳಿಗೆ ಬಂದರು. ಕಿವಿಯ ಯಂತ್ರವನ್ನು ಹಾಕಿಕೊಳ್ಳುವ ಎಂಟನೆಯ ತರಗತಿಯ ಬಾಲಿಕೆಯೊಡನೆ ಮಾತಾಡಬೇಕೆಂಬದು ಅವರ ಉದ್ದೇಶ. ಆ ಬಾಲಿಕೆಯನ್ನು ನೀವು ಕೇಳಿದಿರೋ ಎಂದೆವು, ಕೇಳಿರಲಿಲ್ಲ. ಮರುದಿನ ಹೋಗಿ ಕೇಳಿದರು. ತನಗೆ ಸಂಜ್ಞಾಭಾಷೆಯೇ ಬಾರದೆಂದು ಆಕೆ ನಕ್ಕಳಂತೆ. ತನ್ನೊಡನೆ ಮಾತಾಡುವಾಗ ಬೇರೆ ಕಡೆಗೆ ತಿರುಗಬಾರದು, ಕೈಯಿಂದ ಬಾಯಿಯನ್ನು ಮುಚ್ಚಬಾರದು, ತಮಾಷೆಯನ್ನು ಎರಡನೆಯ ಸಾರಿ ಹೇಳಲು ಬೇಸರಪಡಬಾರದು ಎಂದಿಷ್ಟೇ ಕೇಳಿಕೊಂಡಳು. ಕೊನೆಯದು ಬಹಳ ಕಷ್ಟವೆಂದು ಆ ನಾಲ್ವರೂ ನಮಗೆ ವರದಿ ಮಾಡಿದ್ದಾರೆ. ಈಗ ಮಧ್ಯಾಹ್ನ ಐವರೂ ಬೇವಿನ ಮರದ ಕಟ್ಟೆಯ ಮೇಲೆ ಒಟ್ಟಿಗೆ ಉಣ್ಣುತ್ತಾರೆ. ಪಟ್ಟಿ ಬರೆದಿಟ್ಟ ಹತ್ತನೆಯ ತರಗತಿಯವಳು ಮಾತ್ರ ಆ ಚಿತ್ರದಲ್ಲಿ ತಾನು ಎರಡೇ ಸಾರಿ ಅತ್ತ ಕಾರಣ ಅದಕ್ಕೆ ಆರನೆಯ ಸ್ಥಾನವನ್ನೇ ಕೊಟ್ಟಿದ್ದಾಳೆ, ಮತ್ತು ಅದನ್ನು ಬದಲಾಯಿಸಲು ಇನ್ನೂ ಒಪ್ಪಿಲ್ಲ.