ಕುಗ್ಗಿದರೂ ಕುಂದದ ಚಿತ್ರ

ಬೀದರ್ ತಾಲ್ಲೂಕಿನ ಬಗದಲ್‌ನಂತಹ ಊರುಗಳಲ್ಲಿ, ಭಾಲ್ಕಿ ಔರಾದಗಳ ಹಳೆಯ ಮನೆಗಳಲ್ಲಿ, ಅಜ್ಜಂದಿರ ಕಾಲದ ಕಾಗದಪತ್ರಗಳು ಪೆಟ್ಟಿಗೆಯ ತಳದಲ್ಲಿ ಇನ್ನೂ ಉಳಿದಿರುವುದುಂಟು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಸೀಮೆಯಾದುದರಿಂದ ಅವುಗಳಲ್ಲಿ ಹಲವು ಉರ್ದುವಿನಲ್ಲಿವೆ. ಗೆದ್ದಲು ಬಾಯಿ ಹಾಕುವ ಮೊದಲೇ ಅವುಗಳ ಚಿತ್ರ ತೆಗೆದಿಡುವುದು ಜಾಣತನವೇ ಸರಿ. ಆದರೆ ಆ ಚಿತ್ರವನ್ನು ಯಾವ ರೂಪದಲ್ಲಿ ಕಾಪಿಡಬೇಕೆಂದು ಕೇಳುವವರು ವಿರಳ.

ಗಣಕಯಂತ್ರಕ್ಕೆ ಚಿತ್ರವೆಂದರೆ ಬಣ್ಣದ ಬಿಂದುಗಳ ಸಾಲು. ಸಾವಿರ ಸಾಲುಗಳಿದ್ದು, ಸಾಲಿಗೆ ಸಾವಿರ ಬಿಂದುಗಳಿದ್ದರೆ ಒಟ್ಟು 10 ಲಕ್ಷ ಬಿಂದುಗಳಾದುವು. ಬಿಂದುವಿಗೆ ಮೂರು ಬೈಟುಗಳಂತೆ 30 ಲಕ್ಷ ಬೈಟುಗಳಾದುವು. ಇದನ್ನು ಇದ್ದಂತೆಯೇ ತುಂಬುತ್ತ ಹೋದರೆ ಯಾವ ಉಗ್ರಾಣವೂ ಸಾಲದು. ಕುಗ್ಗಿಸಲೇಬೇಕು. ಕುಗ್ಗಿಸುವ ಮಾರ್ಗಗಳು ಎರಡು.

ಬಿದರಿ ಹೂದಾನಿಗಾಗಿ ಬರೆದ ನಕ್ಷೆಯೊಂದನ್ನು ನೆನೆಯಿರಿ. ಕಪ್ಪು ನೆಲ, ಬೆಳ್ಳಿಯ ಬಳ್ಳಿ, ಬೇರೆ ಬಣ್ಣವಿಲ್ಲ. ‘ಕಪ್ಪು, ಕಪ್ಪು’ ಎಂದು ಮುನ್ನೂರು ಸಲ ಬರೆಯುವ ಬದಲು ‘ಕಪ್ಪು, ಮುನ್ನೂರು’ ಎಂದರೆ ಸಾಕು. ಬಂದ ಹೂವೇ ಮತ್ತೆ ಬಂದರೆ ‘ಹಿಂದಿನದನ್ನೇ ಇಲ್ಲಿಯೂ ಇಡು’ ಎಂದರಾಯಿತು. ಜೇಕಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ಕ್ರಮದ ತಿರುಳು ಇದೇ. 1996ರಲ್ಲಿ ಬಂದ ಪಿಎನ್‌ಜಿ ರೂಪಕ್ಕೆ ಇದು ಆಧಾರ. ಮಡಿಸಿಟ್ಟ ಸೀರೆಯನ್ನು ಬಿಡಿಸಿದಂತೆ, ಬಿಡಿಸಿದಾಗ ಒಂದು ಎಳೆಯೂ ಕಡಮೆಯಾಗಿರುವುದಿಲ್ಲ.

ಎರಡನೆಯ ಮಾರ್ಗದ ಮೂಲದಲ್ಲಿ ಕನ್ನಡನಾಡಿನವರೊಬ್ಬರಿದ್ದಾರೆ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಗಣಿತಕ್ರಮವನ್ನು ಕಂಡುಹಿಡಿದರು. 1972ರಲ್ಲಿ ಇದಕ್ಕಾಗಿ ಧನಸಹಾಯ ಬೇಡಿದಾಗ, ವಿಚಾರವು ತೀರ ಸರಳವೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ನಿರಾಕರಿಸಿತು. ಆದರೂ ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಹಾಗೂ ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1992ರ ಜೆಪೆಗ್ ರೂಪವು ನಿಂತಿರುವುದು ಇದರ ಮೇಲೆಯೇ.

ಜೆಪೆಗ್ ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಗಮನಿಸದ ಸೂಕ್ಷ್ಮಗಳನ್ನು ತೂರಿಬಿಡುತ್ತದೆ. ಮದುವೆಯ ಚಿತ್ರಕ್ಕೆ, ಬೀದರ್ ಕೋಟೆಯ ನೋಟಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ಅಕ್ಷರದ ಅಂಚಿನಲ್ಲಿ ಮಸುಕು ಕಾಣಿಸಿಕೊಳ್ಳುತ್ತದೆ. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ಅದು ಹೆಚ್ಚುತ್ತದೆ. ಉರ್ದುವಿನಲ್ಲಿ ಪದದ ಮೊದಲ ಗೀಟಿನ ಕೆಳಗೆ ಚುಕ್ಕೆಯಿದ್ದರೆ ‘ಬ’, ಮೇಲಿದ್ದರೆ ‘ನ’. ಚುಕ್ಕೆಯೇ ಮಸುಕಾದರೆ ಪೂರ್ವಿಕರ ಹೆಸರನ್ನು ಓದುವುದು ಹೇಗೆ?

ಈ ಭಯ ಬರಿಯ ಕಲ್ಪನೆಯಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕವಿಜ್ಞಾನಿ ಕಟ್ಟಡದ ನಕ್ಷೆಯೊಂದರ ಪ್ರತಿಯಲ್ಲಿ ವಿಚಿತ್ರವೊಂದನ್ನು ಕಂಡರು. ಮೂಲದಲ್ಲಿ 21.11 ಚದರ ಮೀಟರು ಎಂದಿದ್ದ ಕೋಣೆಯು ಪ್ರತಿಯಲ್ಲಿ 14.13 ಆಗಿತ್ತು! ಜೆಪೆಗ್‌ನದಲ್ಲದ, ಆದರೆ ನಷ್ಟವನ್ನೊಪ್ಪುವ ಇನ್ನೊಂದು ಕ್ರಮವು, ಹೋಲುವ ಗುರುತುಗಳೆಲ್ಲ ಒಂದೇ ಎಂದು ಬಗೆದು ಅಂಕಿಗಳನ್ನೇ ಬದಲಿಸಿತ್ತು. ಮಸುಕಾದ ಅಂಕಿಯನ್ನು ಕಂಡರೆ ಸಂಶಯವಾದರೂ ಹುಟ್ಟುತ್ತದೆ. ಸ್ಪಷ್ಟವಾಗಿ ಅಚ್ಚಾದ ತಪ್ಪು ಅಂಕಿಯನ್ನು ಸಂಶಯಿಸುವವರಾರು? ಹೊಲದ ಸರ್ವೆ ನಂಬರಿನಲ್ಲಿ ಹೀಗಾದರೆ ಏನು ಗತಿ ಎಂಬುದನ್ನು ಓದುಗರೇ ಊಹಿಸಬಹುದು.

ಆದುದರಿಂದ ಪತ್ರ, ಜಾತಕ, ನಕ್ಷೆಗಳನ್ನು ಸ್ಕ್ಯಾನ್ ಮಾಡಿಸುವಾಗ ಪಿಎನ್‌ಜಿ ರೂಪದಲ್ಲಿ, ಇಲ್ಲವೆ ನಷ್ಟವಿಲ್ಲದೆ ಕುಗ್ಗಿಸಿದ ಟಿಫ್ ರೂಪದಲ್ಲಿ ಬೇಕೆಂದು ಕೇಳಿ ಪಡೆಯುವುದು ಲೇಸು. ಫೋನಿನಲ್ಲಿ ತೆಗೆದುದಾದರೆ ಮೊದಲ ಪ್ರತಿಯನ್ನು ಮುಟ್ಟದೆ ಇಟ್ಟು, ನಕಲನ್ನು ಮಾತ್ರ ತಿದ್ದಬೇಕು. ವಾಟ್ಸಾಪಿನಲ್ಲಿ ಕಳುಹಿಸುವಾಗ ‘ಫೋಟೊ’ ಎಂದಲ್ಲ, ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಚಿತ್ರ ಇದ್ದಂತೆಯೇ ತಲಪುತ್ತದೆ. ಒಮ್ಮೆ ಜೆಪೆಗ್ ಆದುದನ್ನು ಆಮೇಲೆ ಪಿಎನ್‌ಜಿಗೆ ಪರಿವರ್ತಿಸಿದರೆ ಪ್ರಯೋಜನವಿಲ್ಲ, ಹೋದದ್ದು ಮರಳದು.

ಹೀಗೆ ಕಾಪಿಟ್ಟ ಕಡತವು ತುಸು ದೊಡ್ಡದಾಗಿರುತ್ತದೆ, ನಿಜ. ಆದರೆ ಜಾಗವನ್ನು ನಾಳೆ ಹಣ ಕೊಟ್ಟು ಕೊಳ್ಳಬಹುದು. ಅಜ್ಜನ ಕೈಬರಹದ ಚುಕ್ಕೆಯನ್ನು ಕೊಳ್ಳಲಾಗದು.