ಲ್ಯಾಬಿನ ತಕ್ಕಡಿಗೆ ಮುದ್ರೆ ಯಾವಾಗ?

ಅಂಗಡಿಯವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳದಿದ್ದರೆ ಕಾನೂನು ಮಾಪನ ಇಲಾಖೆಯ ದಂಡ ತಪ್ಪಿದ್ದಲ್ಲ. ಅರ್ಧ ಕೇಜಿ ಬೇಳೆ ತೂಗೋದಕ್ಕೇ ಇಷ್ಟು ಕಟ್ಟುನಿಟ್ಟು. ಹಾಗಾದರೆ ಕಾಂಕ್ರೀಟಿನ ತಾಕತ್ತು ಅಳೆಯಲು ಕಲಿಸುವ ಇಂಜಿನಿಯರಿಂಗ್ ಕಾಲೇಜಿನ ಯಂತ್ರವನ್ನು ನೋಡುವವರು ಯಾರು?

ಮೊನ್ನೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಿವಿಲ್ ಓದುವ ಹುಡುಗನೊಬ್ಬ ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದ. ಪಕ್ಕದಲ್ಲಿ ಸೀನಿಯರ್‌ನ ಹಳೇ ರೆಕಾರ್ಡ್. ‘ಏನಪ್ಪಾ, ಕ್ಯೂಬ್ ಒಡೆದು ನೋಡಿದ್ರಾ?’ ಎಂದೆ. ‘ಮಿಷನ್ ಕೆಟ್ಟು ಒಂದು ಸೆಮಿಸ್ಟರ್ ಆಯ್ತು ಸಾರ್. ರೀಡಿಂಗ್ ಇದರಲ್ಲೇ ಇದೆ’ ಎಂದ. ಕಾಲೇಜಿನ ಹೆಸರು ಬೇಡ, ಹುಡುಗನಿಗೆ ತೊಂದರೆಯಾದೀತು.

15 ಸೆಂಟಿಮೀಟರಿನ ಕಾಂಕ್ರೀಟ್ ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆದಾಗಲೇ ಅದರ ಬಲ ತಿಳಿಯೋದು. ಕಲಸುವಾಗ ನೀರು ಹೆಚ್ಚಾದರೆ ಬಲ ಹೇಗೆ ಕುಸಿಯುತ್ತದೆಂದು ಕಣ್ಣಾರೆ ಕಂಡವನು ಮರೆಯೋದಿಲ್ಲ. ನಕಲು ಮಾಡಿದವನಿಗೆ ಅದು ಬರೀ ಅಂಕಿ. ನಾಳೆ ನಿಮ್ಮ ಮನೆಯ ಪ್ಲ್ಯಾನಿಗೆ ಸಹಿ ಹಾಕುವವನೂ ಇವನೇ.

ಮೇಷ್ಟ್ರುಗಳನ್ನೇ ದೂರಿ ಫಲವಿಲ್ಲ. ಹೊಸ ಯಂತ್ರ ಬಂದ ದಿನ ಪೂಜೆ, ಫೋಟೋ ಎಲ್ಲಾ ಉಂಟು. ಆಮೇಲೆ ಒಂದು ಆಯಿಲ್ ಸೀಲ್ ಹೋದರೂ ಫೈಲು ಮೇಲಕ್ಕೆ ಹತ್ತಬೇಕು, ಕೊಟೇಶನ್ ಬರಬೇಕು. ಯಂತ್ರದ ನಾಡಿ ಬಲ್ಲ ಇನ್‌ಸ್ಟ್ರಕ್ಟರ್ ನಿವೃತ್ತನಾದರೆ ಕುರ್ಚಿ ಖಾಲಿ. ಸಾಮಾನು ಕಳೆದರೆ ತಲೆಗೆ ಬಂದೀತೆಂಬ ಭಯಕ್ಕೆ ಬೀಗ ಜಡಿಯುತ್ತಾರೆ.

1998ರಲ್ಲಿ ಸರ್ ಎಂ. ವಿ. ಹೆಸರಿನಲ್ಲಿ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಬಂತು. ಆದರೆ ಅದರಡಿಯ ಕಾಲೇಜುಗಳಲ್ಲಿ ದಿನನಿತ್ಯ ಲ್ಯಾಬ್ ನಡೆಸುವ ಹೊಣೆ ಆಯಾ ಕಾಲೇಜಿನದೇ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಪ್ರತಿ ಯಂತ್ರದ ಪಕ್ಕ ಒಂದು ಲಾಗ್ ಬುಕ್ ಇರಲಿ: ಯಾರು ಬಳಸಿದರು, ಎಂದು ಕೆಟ್ಟಿತು, ಎಂದು ರಿಪೇರಿಯಾಯಿತು. ಚಿಲ್ಲರೆ ರಿಪೇರಿಗೆ ಲ್ಯಾಬ್ ನೋಡಿಕೊಳ್ಳುವವರ ಕೈಯಲ್ಲೇ ಒಂದಿಷ್ಟು ಹಣವಿರಲಿ. ಹಳೇ ಇನ್‌ಸ್ಟ್ರಕ್ಟರ್ ಹೋಗುವ ಮುನ್ನವೇ ಹೊಸಬ ಬಂದು ಕೆಲಸ ಕಲಿಯಲಿ. ಯಂತ್ರದ ಕ್ಯಾಲಿಬ್ರೇಷನ್ ಸರ್ಟಿಫಿಕೇಟು, ಅಂಗಡಿಯಲ್ಲಿ ತೂಗುಹಾಕಿದ ಹಾಗೆ, ಎಲ್ಲರಿಗೂ ಕಾಣುವಂತೆ ಗೋಡೆ ಮೇಲಿರಲಿ.

ಸಾಲ ಮಾಡಿ ಫೀಸು ಕಟ್ಟುವ ತಂದೆತಾಯಿಗಳೂ ಅಡ್ಮಿಷನ್ ದಿನ ಬಿಲ್ಡಿಂಗ್ ನೋಡಿ ಮರುಳಾಗೋದು ಬೇಡ. ‘ಸ್ವಾಮಿ, ಲ್ಯಾಬಿನ ಬೀಗ ತೆಗೀರಿ, ಮಿಷನ್ ಓಡಿಸಿ ತೋರಿಸಿ’ ಅಂತ ಕೇಳಲಿ. ಕೇಳೋದರಲ್ಲಿ ತಪ್ಪೇನಿದೆ?