ಗೊರಕೆ ಸುಖನಿದ್ದೆಯ ಗುರುತಲ್ಲ

ಊರಿನವರಿಗೆ ಒಂದು ಮಾತು ನೇರವಾಗಿಯೇ ಹೇಳುತ್ತೇನೆ, ಬೇಜಾರಾದರೆ ಆಗಲಿ. ಗೊರಕೆ ಹೊಡೆಯುವವನು ಸುಖವಾಗಿ ಮಲಗಿದ್ದಾನೆ ಅನ್ನೋದು ಶುದ್ಧ ಸುಳ್ಳು. ಶಿರಸಿಗೆ ಹೋದಾಗಲೆಲ್ಲ ನನ್ನ ಗಂಡನ ಗೊರಕೆ ಕೇಳಿ ಮನೆಮಂದಿಗೆ ನಗು. "ಪಾಪ, ಮುಂಬೈಲಿ ದುಡಿದು ದಣಿದಿದಾನೆ, ಮಲಗಲಿ ಬಿಡೇ" ಎಂದು ಅತ್ತೆ. "ಕುಂಭಕರ್ಣ ಬಂದ" ಎಂದು ಭಾವ. ಮರುದಿನ ಮೂಗಿಗೆ ಎರಡು ಹನಿ ತುಪ್ಪ ಬಿಟ್ಟರೆ ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಊರಿನ ಮನೆ ದೊಡ್ಡದು. ಗೊರಕೆಯವರು ಜಗಲಿಗೆ, ಉಳಿದವರು ಒಳಕೋಣೆಗೆ. ಡೊಂಬಿವಲಿಯ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಜಗಲಿ ಎಲ್ಲಿಂದ ತರಲಿ? ಅವರ ಪಕ್ಕದಲ್ಲೇ ನಾನು, ಕಾಲಬುಡದಲ್ಲಿ ಮಗ. ಹಾಗಾಗಿ ನಿಮ್ಮ ಕಿವಿಗೆ ಬೀಳದ್ದು ನನ್ನ ಕಿವಿಗೆ ಬಿದ್ದಿದೆ. ಏರಿ ಏರಿ ಹೋದ ಸದ್ದು ತಟ್ಟನೆ ನಿಲ್ಲುತ್ತದೆ. ಎದೆ ಏಳುತ್ತಿರುತ್ತದೆ, ಉಸಿರು ಒಳಗೆ ಹೋಗುವುದಿಲ್ಲ. ನಾನು ಎಣಿಸುತ್ತೇನೆ: ಹತ್ತು, ಹದಿನೈದು, ಇಪ್ಪತ್ತು. ಆಮೇಲೆ ನೀರಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಂದು ದೊಡ್ಡ ಏದುಸಿರು. ಜಗಲಿಯ ಈ ಮೌನ ನಿಮಗೆ ಗೊತ್ತಾಗೋದೇ ಇಲ್ಲ. ಸದ್ಯ ಸದ್ದು ನಿಂತಿತಲ್ಲ ಅಂತ ಮಗ್ಗುಲು ಬದಲಿಸುತ್ತೀರಿ.

ಇದರ ಹೆಸರು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ, ನಾಲಿಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಕಿರಿದಾದರೆ ಕಿರುನಾಲಿಗೆ ಅದುರಿ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಉಸಿರೇ ಬಂದ್. ಎಲ್ಲ ಗೊರಕೆಯೂ ರೋಗವಲ್ಲ, ಒಪ್ಪಿದೆ. ಆದರೆ ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವುದು, ತೀರ ಕುಗ್ಗುವುದು ಗಂಟೆಗೆ 5 ಸಲ ದಾಟಿದರೆ ಅದು ಲೆಕ್ಕಕ್ಕೆ ಬರುತ್ತದೆ. 30 ದಾಟಿದರೆ ತೀವ್ರ. ನಮ್ಮವರದ್ದು 34. ಬೆರಳಿಗೆ ಕ್ಲಿಪ್ಪು, ಎದೆಗೆ ಪಟ್ಟಿ, ಮೂಗಿನ ಬಳಿ ನಳಿಕೆ ಕಟ್ಟಿ ಒಂದು ರಾತ್ರಿ ಮಾಡಿದ ಪರೀಕ್ಷೆಯ ಲೆಕ್ಕ ಇದು. ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೂ ಏಟು. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ್ದು ಇದೇ ಕಾಯಿಲೆಯ ಹೆಸರು.

ತುಪ್ಪದ ಮೇಲೆ ನನಗೆ ಸಿಟ್ಟಿಲ್ಲ, ದೋಸೆಗೆ ಬಡಿಸಿ. ಮುಚ್ಚಿಕೊಳ್ಳೋದು ಗಂಟಲು; ಮೂಗಿಗೆ ಬಿಟ್ಟ ತುಪ್ಪ ಅದನ್ನು ಹೇಗೆ ತೆರೆದೀತು? ತೂಕ ಇಳಿಸೋದು, ರಾತ್ರಿ ಕುಡಿಯೋದು ಬಿಡೋದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗೋದು, ಇವುಗಳಿಂದ ಉಪಯೋಗವಿದೆ. ತೀವ್ರವಾದವರಿಗೆ ಸಾಮಾನ್ಯವಾಗಿ ಸಿಪ್ಯಾಪ್ ಯಂತ್ರವೂ ಬೇಕು. ಮೂಗಿನ ಮೇಲಿನ ಮಾಸ್ಕಿನಿಂದ ಗಾಳಿ ಒತ್ತಿ ದಾರಿ ತೆರೆದಿಡುತ್ತದೆ. 1981ರಿಂದ ಲೋಕಕ್ಕೆ ಗೊತ್ತಿರುವ ಉಪಾಯ. ಅದನ್ನು ಊರಿಗೆ ಒಯ್ದಾಗ, "ಈ ವಯಸ್ಸಿಗೇ ಮೂಗಿಗೆ ನಳಿಕೆಯಾ? ನೋಡಿದವರು ಏನಂದಾರು?" ಎಂದರು. ಕೇಳಿದವರ ಮೂಗಿನ ಮೇಲೆ ಕನ್ನಡಕವಿತ್ತು.

ನನ್ನ ಗಂಡ ಹಗಲು ತೂಕಡಿಸುತ್ತಿದ್ದುದು ಲೋಕಲ್ ರೈಲಿನಲ್ಲಿ. ಹೆಚ್ಚೆಂದರೆ ಠಾಣೆಯಲ್ಲಿ ಇಳಿಯೋದು ಬಿಟ್ಟು ದಾದರ್ ತಲುಪುತ್ತಿದ್ದರು. ಭಾವ ಊಟ ಮುಗಿಸಿ ದೇವಿಮನೆ ಘಟ್ಟದಲ್ಲಿ ಜೀಪು ಓಡಿಸುತ್ತಾರೆ. ಅವರ ಗೊರಕೆಯೂ ನಡುನಡುವೆ ನಿಲ್ಲುತ್ತದೆ, ಕಳೆದ ಸಲ ಕಿಟಕಿಯ ಹತ್ತಿರ ಕೂತು ಎಣಿಸಿದ್ದೇನೆ. ಅಕ್ಕ, ಒಂದು ರಾತ್ರಿ ನೀವೂ ಜಗಲಿಗೆ ಹೋಗಿ ಎಣಿಸಿ. ಆಮೇಲೆ ಅವರನ್ನು ಹುಬ್ಬಳ್ಳಿಗೆ ಕರೆದೊಯ್ಯಿರಿ. ಜೀಪಿನಲ್ಲಲ್ಲ, ಬಸ್ಸಿನಲ್ಲಿ.